ನಿಧಾನಿ ಬೇಡವೆಂದ ಸುತ್ತು

ನಮ್ಮ ಬೀದಿಯ ಕೊನೆಯಲ್ಲಿ, ಬಡಗಿಯ ಅಂಗಡಿಗೂ ನೀರಿನ ಟ್ಯಾಂಕಿಗೂ ನಡುವೆ, ತಗಡು ಹೊದಿಸಿದ ಒಂದು ಶೆಡ್ಡಿದೆ. ಅಲ್ಲಿ ಕಾರು ರಿಪೇರಿ ಮಾಡುವವನನ್ನು ಎಲ್ಲರೂ ಕರೆಯುವುದು ನಿಧಾನಿ ಎಂದೇ. ದಾರ ಕಟ್ಟಿದ ಕನ್ನಡಕ ಮೂಗಿಗೇರಿಸಿ, ಒಂದು ಬೋಲ್ಟು ಬಿಚ್ಚುವ ಮೊದಲು ಅದನ್ನು ಬಟ್ಟೆಯಿಂದ ಮೂರು ಸಲ ಒರೆಸುತ್ತಾನೆ. ಅವಸರ ಮಾಡಿದವರಿಗೆ, "ಬೇರೆ ಕಡೆ ಹೋಗಿ, ಅಲ್ಲಿ ಬೇಗ ಕೆಡಿಸಿ ಕೊಡ್ತಾರೆ" ಅನ್ನುತ್ತಾನೆ. ಅವನ ಹಳೇ ವ್ಯಾನನ್ನು ಬಸವನಹುಳು ಹಾರ್ನ್ ಹೊಡೆದು ಹಿಂದೆ ಹಾಕುತ್ತದೆ ಎಂದು ಬಡಗಿ ತಮಾಷೆ ಮಾಡುತ್ತಿದ್ದ. ಮದುವೆ ಯಾಕಾಗಲಿಲ್ಲ ಎಂದು ನಿಧಾನಿಯನ್ನು ಯಾರಾದರೂ ಕೇಳಿದರೆ, "ಇನ್ನೂ ಯೋಚನೆ ಮಾಡ್ತಾ ಇದ್ದೀನಿ" ಎನ್ನುತ್ತಿದ್ದ. ಆಗಲೇ ಅವನಿಗೆ ಅರವತ್ತು ದಾಟಿತ್ತು.

ನಮ್ಮನೆಯವರಿಗೆ ಅವನು ತಮ್ಮನಿದ್ದ ಹಾಗೆ. ನನ್ನನ್ನು ಅತ್ತಿಗೆ ಎನ್ನುತ್ತಿದ್ದ. ಭಾನುವಾರ ಮಧ್ಯಾಹ್ನದ ಊಟ ನಮ್ಮಲ್ಲೇ. ನನ್ನ ಹೊಲಿಗೆ ಯಂತ್ರ ಕೆಟ್ಟರೆ ಹೇಳಿಸಿಕೊಳ್ಳದೆ ಬಂದು ಸರಿಮಾಡುತ್ತಿದ್ದ. ಮಗಳಿಗೆ ಹೆರಿಗೆ ನೋವು ಬಂದ ದಿನ ಆಸ್ಪತ್ರೆಗೆ ಕರೆದೊಯ್ದವನೂ ಅವನೇ. ನಡೆದು ಹೋಗಿದ್ದರೆ ಬೇಗ ತಲುಪುತ್ತಿದ್ದೆ ಎಂದು ಮಗಳು ಈಗಲೂ ನಗುತ್ತಾಳೆ. ಇಷ್ಟನ್ನೂ ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದನ್ನು ಓದಿ ಅವನು ಕೆಟ್ಟವನೆಂದು ಯಾರೂ ಸುಲಭವಾಗಿ ತೀರ್ಮಾನ ಮಾಡಬಾರದು. ಕೆಟ್ಟವನಾಗಿದ್ದರೆ ನನಗಿಷ್ಟು ಉರಿಯುತ್ತಿರಲಿಲ್ಲ.

ನಮ್ಮನೆಯವರು ಪಂಪು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ಮೂವತ್ತು ವರ್ಷ ಕೆಲಸ ಮಾಡಿದವರು. ಒಂದು ದಿನ ಗುಜರಿಯಿಂದ ಒಂದು ಕಾರನ್ನು ಎಳೆಸಿಕೊಂಡು ಬಂದರು. ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಮೂಗು ಉದ್ದ, ಬೆನ್ನು ಗಿಡ್ಡ, ತಲೆಯ ಮೇಲೆ ಸೂರಿಲ್ಲ. ಸೀಟಿನೊಳಗೆ ಇಲಿ ಸಂಸಾರ ಹೂಡಿತ್ತು. "ಇದನ್ನ ಏನು ಮಾಡ್ತೀರಿ?" ಎಂದೆ. "ಬದುಕಿಸ್ತೀನಿ" ಎಂದರು. ಬದುಕಿಸಲು ಹನ್ನೆರಡು ವರ್ಷ ಹಿಡಿಯಿತು. ಸಿಗದ ಭಾಗಗಳನ್ನು ಇವರು ಲೇತಿನಲ್ಲಿ ಕಡೆದರು, ಎಂಜಿನ್ನನ್ನು ನಿಧಾನಿ ಕೂಡಿಸಿದ, ಸೀಟು ಮತ್ತು ಮಡಚುವ ಸೂರನ್ನು ನಾನು ಹೊಲಿದೆ. ನಾನು ಕಲಿತದ್ದು ಮೂರನೇ ಕ್ಲಾಸು. ಆದರೆ ಬಸ್ಸಿನ ಸೀಟಿನಿಂದ ಹಲ್ಲಿನ ಡಾಕ್ಟರ ಕುರ್ಚಿಯವರೆಗೆ ನಾನು ಹೊಲಿಯದ ಸೀಟಿಲ್ಲ. ನನ್ನ ಹೊಲಿಗೆ ಬಿಟ್ಟಿತು ಎಂದು ಯಾರೂ ವಾಪಸು ಬಂದವರಲ್ಲ. ಕಡು ಹಸಿರು ಬಣ್ಣ ಹೊಡೆದು ಕಾರನ್ನು ಬೀದಿಗೆ ತಂದ ದಿನ ನಿಧಾನಿ ಕಣ್ಣೊರೆಸಿಕೊಂಡ. ಎಣ್ಣೆ ಕೈ ತಾಗಿತು ಅಂದ.

ಊರಾಚೆ ಒಂದು ರೇಸ್ ಟ್ರ್ಯಾಕ್ ಇದೆ. ತಿಂಗಳಿಗೊಂದು ದಿನ ಯಾರು ಬೇಕಾದರೂ ತಮ್ಮ ಕಾರು ತಂದು ಓಡಿಸಬಹುದು. ಪಂದ್ಯವಲ್ಲ. ಎದುರಿಗೆ ಲಾರಿ ಇಲ್ಲ, ಅಡ್ಡ ಬರುವವರಿಲ್ಲ, ಕಾರಿಗೆ ಎಷ್ಟು ಓಟ ಇದೆಯೋ ಅಷ್ಟನ್ನೂ ನೋಡಬಹುದು. ನಮ್ಮನೆಯವರಿಗೆ ಅದೊಂದೇ ಆಸೆ. ವರ್ಷ ವರ್ಷವೂ ನಿಧಾನಿಯನ್ನು ಕೇಳುತ್ತಿದ್ದರು: "ಈ ಸಲ ಹೋಗೋಣವೇನೋ?"

"ಬೇಡ ಅಣ್ಣ" ಎನ್ನುತ್ತಿದ್ದ. "ಅಲ್ಲಿನ ತಿರುವು ಉದ್ದ. ಎಂಜಿನ್ ಅಡಿಯ ಬಾಣಲೆಯಲ್ಲಿರೋ ಎಣ್ಣೆಯೆಲ್ಲ ಒಂದು ಪಕ್ಕಕ್ಕೆ ಓಡಿಹೋಗುತ್ತೆ. ಎಂಜಿನ್ ಒಣಗಿ ಹಿಡ್ಕೊಂಡ್ರೆ ಹನ್ನೆರಡು ವರ್ಷದ ಕೆಲಸ ಅರ್ಧ ನಿಮಿಷದಲ್ಲಿ ಮುಗೀತು."

ಎಂಜಿನ್ ವಿಷಯದಲ್ಲಿ ಅವನು ಹೇಳಿದ್ದೇ ಕೊನೆಯ ಮಾತು. ಇವರು ಸುಮ್ಮನಾಗುತ್ತಿದ್ದರು. ಒಂಬತ್ತು ವರ್ಷ ಹಾಗೇ ಕಳೆಯಿತು. ಮಾರುಕಟ್ಟೆಗೆ ಹೋಗಿ ಬರುವುದು, ಮಗಳ ಮನೆಗೆ ಹೋಗಿ ಬರುವುದು. ಕುದುರೆಯನ್ನು ಸೊಪ್ಪು ಹೊರಲು ಇಟ್ಟುಕೊಂಡ ಹಾಗೆ.

ವರ್ಷಕ್ಕೊಮ್ಮೆ ಕಾರು ನಾಲ್ಕು ದಿನ ನಿಧಾನಿಯ ಶೆಡ್ಡಿನಲ್ಲಿರುತ್ತಿತ್ತು, ಸರ್ವೀಸಿಗೆಂದು. ಬಂದ ಮೇಲೆ ಒಳಗೆಲ್ಲ ಒರೆಸುವುದು ನನ್ನ ಕೆಲಸ. ಪ್ರತಿ ಸಲವೂ ಡ್ರೈವರ್ ಸೀಟಿನ ಎಡಮಗ್ಗುಲ ಹೊಲಿಗೆ ಬಿಟ್ಟಿರುತ್ತಿತ್ತು. ಬಲಮಗ್ಗುಲು ಗಟ್ಟಿ, ಎಡ ಮಾತ್ರ ಬಾಯಿ ಬಿಟ್ಟುಕೊಂಡಿರುತ್ತಿತ್ತು. ನನಗೆ ಅವಮಾನ. ಹತ್ತಿಯ ದಾರ ಬಿಟ್ಟು ನೈಲಾನಿಗೆ ಬಂದೆ. ನೈಲಾನಿಗೆ ಮೇಣ ಹಚ್ಚಿದೆ. ಹೊಲಿಗೆಯನ್ನು ಒತ್ತೊತ್ತಾಗಿ ಹಾಕಿದೆ. "ನಿನ್ನ ಹೊಲಿಗೆ ನಿನ್ನ ಮಾತಿನಷ್ಟು ಗಟ್ಟಿಯಿಲ್ಲ ಕಣೇ" ಎಂದು ಇವರು ಛೇಡಿಸಿದರು. ನಿಧಾನಿ ಅಲ್ಲೇ ಕುಳಿತು ಊಟ ಮಾಡುತ್ತಿದ್ದ. ತಲೆಯೆತ್ತಲಿಲ್ಲ. ಕಣ್ಣು ಮಂಜಾಯಿತು, ಕೈ ಸೋತಿತು ಎಂದುಕೊಂಡು ನಾನು ಹೊರಗಿನ ಹೊಲಿಗೆ ಕೆಲಸ ಒಪ್ಪಿಕೊಳ್ಳುವುದನ್ನೇ ಬಿಟ್ಟೆ.

ಆಮೇಲೆ ಇವರಿಗೆ ಹೃದಯದ ಕಾಯಿಲೆ ಬಂದು ಹಾಸಿಗೆ ಹಿಡಿದರು. ಒಂದು ಭಾನುವಾರ ನಿಧಾನಿಯ ಕೈ ಹಿಡಿದುಕೊಂಡು ಕೇಳಿದರು: "ನೀನೇ ಓಡಿಸು. ನಾನು ಪಕ್ಕದಲ್ಲಿ ಕೂತ್ಕೋತೀನಿ. ಒಂದೇ ಒಂದು ಸುತ್ತು."

ನಿಧಾನಿ ಮಂಚದ ಕಾಲನ್ನೇ ನೋಡುತ್ತ, "ಎಣ್ಣೆ ನಿಲ್ಲಲ್ಲ ಅಣ್ಣ" ಎಂದ.

ನಾನೂ ಅವನ ಕಡೆಗೇ ಸೇರಿಕೊಂಡೆ. "ತಿಳಿದವನು ಹೇಳಿದ್ದು ಕೇಳಿ" ಎಂದೆ. ಇವರು ಮತ್ತೆ ಕೇಳಲಿಲ್ಲ. ಮುಂದಿನ ತಿಂಗಳು ಹೋಗಿಬಿಟ್ಟರು.

ಮೂರು ವರ್ಷ ಕಾರು ನಮ್ಮ ಅಂಗಳದಲ್ಲಿ ನಿಂತಿತು, ವರ್ಷಕ್ಕೊಮ್ಮೆ ಮಾತ್ರ ಶೆಡ್ಡಿಗೆ ಹೋಗಿ ಬರುತ್ತಿತ್ತು. ನನ್ನ ಮೊಮ್ಮಗಳು ಲಿಫ್ಟ್ ರಿಪೇರಿ ಮಾಡುವವಳು. ಎತ್ತರ, ಯಂತ್ರ ಯಾವುದಕ್ಕೂ ಹೆದರದ ಹುಡುಗಿ. "ತಾತನ ಹೆಸರಲ್ಲಿ ನಾನು ಒಂದು ಸುತ್ತು ಹಾಕ್ತೀನಿ ಅಜ್ಜಿ" ಎಂದಳು. ನಿಧಾನಿಯನ್ನು ಕೇಳಿದಳು. ಅದೇ ತಿರುವು, ಅದೇ ಎಣ್ಣೆ, ಅದೇ ಬೇಡ.

"ದೊಡ್ಡ ಕಾಯಿಲೆಗೆ ಎರಡನೇ ಡಾಕ್ಟರನ್ನ ಕೇಳಲ್ವಾ? ಇದೂ ಹಾಗೇ" ಎಂದು ಮೊಮ್ಮಗಳು ಹಟ ಹಿಡಿದಳು. ಅವನಿಗೆ ಹೇಳದೆ, ಓಡಿಸುವುದಕ್ಕಲ್ಲ, ಬರಿದೇ ತೋರಿಸಿ ಕೇಳುವುದಕ್ಕೆಂದು, ಆ ತಿಂಗಳ ಓಟದ ದಿನ ಬೆಳಗ್ಗೆ ಟ್ರ್ಯಾಕಿಗೆ ಹೋದೆವು. ಗೇಟಿನವನು ನಮ್ಮನ್ನು ಏನೂ ಕೇಳದೆ ಅಡ್ಡಕಂಬ ಎತ್ತಿಬಿಟ್ಟ.

"ಹಸಿರು ಕಾರು ಈ ವರ್ಷ ಬೇಗ ಬಂತಲ್ಲ. ಯಜಮಾನ್ರು ಎಲ್ಲಿ?"

"ಯಾವ ಯಜಮಾನ್ರು?" ಎಂದಳು ಮೊಮ್ಮಗಳು.

"ಕನ್ನಡಕಕ್ಕೆ ದಾರ ಕಟ್ಟಿಕೊಂಡಿರ್ತಾರಲ್ಲ, ಅವರು. ಹತ್ತು ವರ್ಷದಿಂದ ಒಂದು ವರ್ಷವೂ ತಪ್ಪಿಸಿಲ್ಲ. ಎಂಥ ಓಟ ಅವರದು, ಹುಡುಗರೆಲ್ಲ ನಿಂತು ನೋಡ್ತಾರೆ." ನನ್ನ ಕಡೆ ಬಗ್ಗಿ, "ನೀವು ಅವರ ಮನೆಯವರಾ ಅಮ್ಮ?" ಎಂದ.

"ಅಲ್ಲ, ಇವರು ಕಾರಿನ ಮನೆಯವರು" ಎಂದಳು ಮೊಮ್ಮಗಳು.

ಒಳಗೆ ಕಾರುಗಳನ್ನು ಪರೀಕ್ಷೆ ಮಾಡುವ ಹೆಂಗಸು ನಮ್ಮ ಕಾರನ್ನು ಮೇಲೆತ್ತಿಸಿ ಅಡಿಯಿಂದ ಟಾರ್ಚು ಬಿಟ್ಟಳು. ಎಣ್ಣೆಯ ಮಾತು ಕೇಳಿ ಅವಳಿಗೆ ಆಶ್ಚರ್ಯ. "ಬಾಣಲೆಯೊಳಗೆ ಅಡ್ಡತಗಡು ಬೆಸೆದಿದ್ದಾರಲ್ಲ. ಎಣ್ಣೆ ಎಲ್ಲಿಗೂ ಓಡಲ್ಲ. ಮೊದಲ ಸಲ ಬಂದಾಗಲೇ ಅವರು ಫೋಟೋ ತೋರಿಸಿದ್ರು. ಇದನ್ನ ದಿನಪೂರ್ತಿ ಓಡಿಸಿ, ಏನೂ ಆಗಲ್ಲ."

ಮೊದಲ ಸಲ ಎಂದರೆ ಹತ್ತು ವರ್ಷದ ಹಿಂದೆ. ಆಗ ಇವರು ಗಟ್ಟಿಮುಟ್ಟಾಗಿದ್ದರು. ಎಂಜಿನ್ನಿನ ರೋಗಕ್ಕೆ ಮದ್ದು ಹಾಕಿ ಮುಗಿಸಿದ ಮೇಲೂ ನಿಧಾನಿ ವರ್ಷ ವರ್ಷ ಅದೇ ರೋಗದ ಹೆಸರು ಹೇಳಿ ಬೇಡ ಎಂದಿದ್ದ.

ಬೇಲಿಯ ಹತ್ತಿರ ಹೋಗಿ ನಿಂತೆ. ಸೂರಿಲ್ಲದ ಒಂದು ಕಾರು ತಿರುವಿಗೆ ಬಂತು. ಓಡಿಸುವವನ ಮೈಯೆಲ್ಲ ಎಡಕ್ಕೆ ವಾಲಿ, ಭುಜ ಸೀಟಿನ ಎಡಮಗ್ಗುಲನ್ನು ಒತ್ತಿ ಒತ್ತಿ ನೂಕುತ್ತಿತ್ತು. ಅದರ ಹಿಂದೆ ಬಂದ ಕಾರಿನಲ್ಲೂ ಹಾಗೇ. ಅಲ್ಲಿನ ತಿರುವುಗಳಲ್ಲಿ ಹೆಚ್ಚಿನವು ಬಲಕ್ಕೆ. ನನ್ನ ದಾರದಲ್ಲಿ ತಪ್ಪಿರಲಿಲ್ಲ. ಮೂರು ಬಗೆಯ ದಾರ ಬದಲಿಸಿ, ನನ್ನ ಕೈಯನ್ನೇ ಶಪಿಸಿಕೊಂಡು, ನಿಧಾನಿ ಮುಂದಿನ ವರ್ಷ ಒರಗಿ ಕೂರಲೆಂದು ನಾನೇ ಹೊಲಿದು ಹೊಲಿದು ಕೊಟ್ಟಿದ್ದೆ.

ಮರುದಿನ ಶೆಡ್ಡಿಗೆ ಹೋದೆ. ಅವನು ಒಂದು ವ್ಯಾನಿನ ಅಡಿಯಿಂದ ಜಾರಿ ಹೊರಗೆ ಬಂದು, "ಕೂತ್ಕೊಳ್ಳಿ ಅತ್ತಿಗೆ" ಎಂದು ಸ್ಟೂಲು ಒರೆಸಿದ.

"ಟ್ರ್ಯಾಕಿಗೆ ಹೋಗಿದ್ವಿ" ಎಂದೆ. "ಗೇಟಿನವನು ನಾನು ನಿನ್ನ ಹೆಂಡತಿಯಾ ಅಂತ ಕೇಳಿದ."

ಕೈಯಲ್ಲಿದ್ದ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡ.

"ಮೊದಲ ಸಲ ತಗಡು ತಡೆಯುತ್ತಾ ನೋಡೋಕೆ ಹೋದೆ ಅತ್ತಿಗೆ. ಅಣ್ಣನಿಗೆ ಕೊಡೋ ಮೊದಲು ಪರೀಕ್ಷೆ ಮಾಡಬೇಕಲ್ಲ."

"ತಡೀತಲ್ಲ?"

"ತಡೀತು."

"ಮತ್ತೆ?"

"ಅಲ್ಲಿ ಎಲ್ಲರೂ ಕಾರು ನನ್ನದು ಅಂದುಕೊಂಡ್ರು. ನಾನು ಅಲ್ಲ ಅನ್ನಲಿಲ್ಲ. ಜೀವಮಾನವೆಲ್ಲ ಬೇರೆಯವರ ಕಾರು ರಿಪೇರಿ ಮಾಡಿದವನು ನಾನು. ವರ್ಷಕ್ಕೆ ಒಂದು ದಿನ ಅಂದುಕೊಂಡೆ. ಹೇಳಬೇಕು ಹೇಳಬೇಕು ಅಂತಾನೇ ಇದ್ದೆ. ಈ ವರ್ಷದ್ದು ಹೇಳಿದ್ರೆ ಹೋದ ವರ್ಷದ್ದೂ ಹೇಳಬೇಕು."

"ಅದು ಹೋಗಲಿ. ಹಾಸಿಗೆಯಲ್ಲಿ ಮಲಗಿ ಕೈ ಹಿಡಿದು ಕೇಳಿದ್ರಲ್ಲ. ಆಗ?"

ಅವನು ಬಟ್ಟೆಯನ್ನು ಮಡಚಿ ಹೆಗಲಿಗೆ ಹಾಕಿಕೊಂಡ. ಕೊನೆಗೆ ಹೇಳಿದ: "ಕರ್ಕೊಂಡು ಹೋಗಿದ್ರೆ ಗೇಟಿನವನು ಅಣ್ಣನ ಎದುರಿಗೇ ನನ್ನನ್ನ ಯಜಮಾನ್ರೇ ಅಂತಿದ್ದ."

ಇಷ್ಟೇ. ಇಷ್ಟಕ್ಕೆ.

"ಅವರಿಗೆ ಸಿಟ್ಟು ಬರ್ತಿತ್ತು ಅಂದುಕೊಂಡ್ಯಾ?" ಎಂದೆ. "ನಗ್ತಿದ್ರು ಕಣೋ. ಯಜಮಾನ್ರೇ, ಇನ್ನೊಂದು ಸುತ್ತು ಹಾಕಿ ಅಂತಿದ್ರು. ಮೊದಲೇ ಕೇಳಿದ್ರೆ ವರ್ಷಕ್ಕೆ ಹತ್ತು ಸಲ ಕೀಲಿ ಕೊಡ್ತಿದ್ರು."

ಅವನು ಗೋಡೆಗೆ ಒರಗಿ ನೆಲದ ಮೇಲೆ ಕುಳಿತುಬಿಟ್ಟ. "ಹುಡುಗಿಗೆ ನಾನು ಕಲಿಸ್ತೀನಿ ಅತ್ತಿಗೆ. ಆ ಮೂರನೇ ತಿರುವು ಮೋಸದ್ದು. ನಾನು ಪಕ್ಕದಲ್ಲಿ ಕೂತು..."

"ನೀನು ಬೇಡ" ಎಂದು ಎದ್ದು ಬಂದೆ.

ಮನೆಗೆ ಬಂದ ಮೇಲೆ ಕಾರಿನ ಮುಖ ನೋಡಲೂ ಆಗಲಿಲ್ಲ. ಮಾರಿಬಿಡೋಣ ಎಂದೆ. ಇವರು ಹೋಗದ ಜಾಗಕ್ಕೆ, ಆ ಮೋಸಗಾರ ತುಳಿದು ಬಂದ ಜಾಗಕ್ಕೆ ಯಾಕೆ ಹೋಗಬೇಕು? ಮೊಮ್ಮಗಳು ಎರಡು ವಾರ ನನ್ನ ಗೊಣಗಾಟ ಕೇಳಿ ಕೊನೆಗೆ, "ಅಜ್ಜಿ, ಬೇಡ ಬೇಡ ಅಂತ ತಾತನ್ನ ಅವರೊಬ್ಬರು ತಡೆದ್ರು. ಈಗ ನೀನೂ ಅದನ್ನೇ ಮಾಡ್ತಿದ್ದೀಯ" ಎಂದಳು. ಅವಳ ಬಾಯಿ ಅವಳ ತಾತನದೇ. ಹೆಸರು ಬರೆಸು ಎಂದೆ.

ಮುಂದಿನ ತಿಂಗಳು ಹೋದೆವು. ಟ್ರ್ಯಾಕಿನಲ್ಲೇ ಕಲಿಸುವವನೊಬ್ಬ ಬೆಳಗ್ಗೆಯೆಲ್ಲ ಮೊಮ್ಮಗಳ ಪಕ್ಕ ಕುಳಿತು ಹೇಳಿಕೊಟ್ಟ. ಮಧ್ಯಾಹ್ನ ಅವನು ಇಳಿದ ಮೇಲೆ ನಾನು ಹತ್ತಿದೆ. ಎಪ್ಪತ್ತೊಂದು ವರ್ಷದ ತಲೆಗೆ ಹೆಲ್ಮೆಟ್ ಹಾಕಿ, ಬೆಲ್ಟು ಬಿಗಿದರು. ಎಂಜಿನ್ ಆ ಥರ ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಒಳ್ಳೆಯ ಕೂಗು. ಮೂರನೇ ತಿರುವಿನಲ್ಲಿ ನೆಲ ಪಕ್ಕಕ್ಕೆ ಸರಿದ ಹಾಗಾಯಿತು. ಮೊಮ್ಮಗಳು ನಗುತ್ತಿದ್ದಳು. ನನಗೂ ನಗು ಬಂತು, ಇಲ್ಲವೆನ್ನಲಾರೆ. ಆದರೆ ನಾಲ್ಕು ಸುತ್ತೂ ನಾನು ನೆನೆದದ್ದು ಇವರು ಕುಳಿತುಕೊಳ್ಳದ ಸೀಟಿನಲ್ಲಿ ನಾನು ಕುಳಿತಿದ್ದೇನೆ ಎಂಬುದನ್ನೇ.

ಇಳಿದಾಗ ಬೇಲಿಯಾಚೆ ನಿಧಾನಿ ನಿಂತಿದ್ದ. ಒಗೆದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಬಂದಿದ್ದ. ಗೇಟಿನವನು ಕೈಯೆತ್ತಿದರೂ ಅವನು ಆ ಕಡೆ ನೋಡಲಿಲ್ಲ.

"ಹೇಗಿತ್ತು ಅತ್ತಿಗೆ?" ಎಂದ.

"ನಿನಗೆ ಗೊತ್ತಿಲ್ವಾ" ಎಂದೆ.

ಅಂದಿನಿಂದ ಭಾನುವಾರ ಅವನು ಊಟಕ್ಕೆ ಬಂದಿಲ್ಲ, ನಾನು ಕರೆದೂ ಇಲ್ಲ. ಬೀದಿಯಲ್ಲಿ ಎದುರಾದರೆ ವ್ಯಾನನ್ನು ಇನ್ನೂ ನಿಧಾನ ಮಾಡುತ್ತಾನೆ, ನಾನು ಟ್ಯಾಂಕಿನ ಕಡೆ ಮುಖ ತಿರುಗಿಸಿ ನಡೆಯುತ್ತೇನೆ. ಹೊಟ್ಟೆಗೆ ಹಾಕಿಕೋ ಎಂದು ಮಗಳು ಹೇಳುತ್ತಾಳೆ. ಹೊಟ್ಟೆಯಲ್ಲಿ ಜಾಗವಿಲ್ಲ. ಕಾರು ಈಗ ಸರ್ವೀಸಿಗೆ ಬೇರೆಯವರ ಕೈಗೆ ಹೋಗುತ್ತದೆ. ಅವರು ಒಂದೇ ದಿನದಲ್ಲಿ ಮುಗಿಸಿ ಕೊಡುತ್ತಾರೆ. ಅವರ ಕೆಲಸ ನಿಧಾನಿಯ ಕೆಲಸದಷ್ಟು ಚೆನ್ನಾಗಿಲ್ಲ, ಅದನ್ನೂ ಹೇಳಲೇಬೇಕು.