ಎಡಚನ ಆಚೆಗಿನವರು

ಆಸ್ಪತ್ರೆಗೆ ಬಂದವರು ಡಾಕ್ಟರನ್ನು ನೋಡುತ್ತಾರೆ, ನರ್ಸನ್ನು ನೋಡುತ್ತಾರೆ, ಔಷಧಿ ಕೊಡುವ ಕಿಟಕಿಯ ಮುಂದೆ ನಿಂತು ನಿಂತು ಕಾಲು ಸೋತು ಹೋಗುತ್ತಾರೆ. ನೆಲಮಾಳಿಗೆಯ ಬಟ್ಟೆ ಕೋಣೆಯನ್ನು ಮಾತ್ರ ಯಾರೂ ನೋಡುವುದಿಲ್ಲ. ಅಲ್ಲಿ ಹೊಲಿಗೆ ಮಷಿನ್ನಿನ ಮುಂದೆ ಇಪ್ಪತ್ತಾರು ವರ್ಷದಿಂದ ಕೂತಿರುವವಳನ್ನು ಎಲ್ಲರೂ ತೇಪೆಯಕ್ಕ ಅನ್ನುತ್ತಾರೆ. ಅವಳಿಗೂ ಅದೇ ರೂಢಿಯಾಗಿದೆ. ಸಂಬಳದ ದಿನ ಯಾರಾದರೂ ನಿಜವಾದ ಹೆಸರು ಹಿಡಿದು ಕೂಗಿದರೆ, ಪಕ್ಕದವಳನ್ನು ಕರೆಯುತ್ತಿದ್ದಾರೇನೋ ಎಂದು ತಿರುಗಿ ನೋಡುತ್ತಾಳೆ.

ಒಗೆದು ಬಂದ ಬೆಡ್‌ಶೀಟುಗಳ ಗಂಟು ಬೆಳಿಗ್ಗೆ ಏಳಕ್ಕೆ ಬರುತ್ತದೆ. ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿಯಬೇಕು. ತೂತು ಇದ್ದರೆ ತೇಪೆ. ನಡು ಸವೆದಿದ್ದರೆ ಶೀಟನ್ನು ಉದ್ದಕ್ಕೆ ಸೀಳಿ, ಗಟ್ಟಿಯಾಗಿರುವ ಎರಡು ಅಂಚುಗಳನ್ನು ನಡುವಿಗೆ ತಂದು ಕೂಡಿಸಿ, ಸವೆದ ಭಾಗವನ್ನು ಅಂಚಿಗೆ ಕಳಿಸಬೇಕು. ಹೀಗೆ ಮಾಡಿದರೆ ಶೀಟಿಗೆ ಇನ್ನೆರಡು ವರ್ಷ ಆಯಸ್ಸು. ಈ ಕೆಲಸ ಅವಳಿಗೆ ಕಲಿಸಿದವಳು ಅಜ್ಜಿ, ಅಮ್ಮನ ಅಮ್ಮ. ಹಾಸಿಗೆ ಹೊಲಿಯುವುದರಲ್ಲಿ ಎತ್ತಿದ ಕೈ.

ಈ ಕೋಣೆಯಲ್ಲಿ ಮೊದಲು ಇಬ್ಬರಿದ್ದರು. ಏಳು ತಿಂಗಳ ಹಿಂದೆ ಇನ್ನೊಬ್ಬಳು ನಿವೃತ್ತಿಯಾದಳು. ಅವಳ ಜಾಗಕ್ಕೆ ಬೇರೆಯವರನ್ನು ಹಾಕುತ್ತೇವೆ ಎಂದು ಮೇಲಿನವರು ಹೇಳಿದರು, ಹೇಳುತ್ತಲೇ ಇದ್ದಾರೆ. ಬೆಡ್‌ಶೀಟುಗಳಿಗೆ ಮಾತ್ರ ಈ ಸುದ್ದಿ ಯಾರೂ ಮುಟ್ಟಿಸಲಿಲ್ಲ, ಅವು ಮೊದಲಿನಷ್ಟೇ ಬರುತ್ತಿವೆ. ಇಬ್ಬರ ಕೆಲಸ ಒಬ್ಬಳ ಹೆಗಲೇರಿತು. ಸಂಜೆ ಮನೆ ಸೇರುವಾಗ ಅವಳ ಪಾದ ಊದಿ, ಚಪ್ಪಲಿಯ ಪಟ್ಟಿ ಮಾಂಸದೊಳಗೆ ಕೂತಿರುತ್ತದೆ.

ಮನೆಯೆಂದರೆ ಒಂದೂವರೆ ಕೋಣೆ. ಮದುವೆ ಆಗಿತ್ತು, ಬಾಳಲಿಲ್ಲ. ಅದನ್ನು ಅವಳು ಹೇಳುವುದಿಲ್ಲ, ನಾವೂ ಕೆದಕುವುದು ಬೇಡ. ಕಿಟಕಿಯ ಪಕ್ಕ ಅಜ್ಜಿಯ ಕುರ್ಚಿ ಇದೆ. ಸಂಜೆ ಆ ಕುರ್ಚಿಯಲ್ಲಿ ಕೂತು, ಕೈ ಮಡಿಲಲ್ಲಿಟ್ಟುಕೊಂಡು, ಮನೆತನದಲ್ಲಿ ತೀರಿಹೋದವರನ್ನೆಲ್ಲ ಒಬ್ಬೊಬ್ಬರಾಗಿ ದೇವರಿಗೆ ಹೇಳಬೇಕು. ಒಟ್ಟು ಮೂವತ್ತೆಂಟು ಜನ. ಅಜ್ಜಿಗೆ ಇದು ಅವಳ ಅಜ್ಜಿಯಿಂದ ಬಂದದ್ದು. ಅಜ್ಜಿ ಹೋದ ಮೇಲೆ ಅಮ್ಮನಿಗೆ, ಅಮ್ಮ ಹೋದ ಮೇಲೆ ಇವಳಿಗೆ ಬಂತು. ಮನೆತನದ ಆಸ್ತಿ ಎಂದು ಇವಳ ಪಾಲಿಗೆ ಬಂದದ್ದು ಈ ಪಟ್ಟಿ ಮತ್ತು ಆ ಕುರ್ಚಿ, ಎರಡೇ.

ಪಟ್ಟಿಯಲ್ಲಿ ಹೆಸರುಗಳಿಲ್ಲ. ಒಂದೇ ಹೆಸರನ್ನು ನಾಲ್ಕು ತಲೆಮಾರು ಇಟ್ಟುಕೊಂಡು ಗೋಜಲು ಮಾಡಿಟ್ಟಿದ್ದರು. ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ಮಾತು. ನದಿ ದಾಟಿ ಬಂದವನು. ಅವನ ಹಿಂದೆ ಅಳುತ್ತಾ ಬಂದವಳು. ಎರಡು ಬಾವಿ ತೋಡಿ ಒಂದರಲ್ಲೂ ನೀರು ಕಾಣದವನು. ಬಾಯಿ ಬಿಟ್ಟರೆ ಸುಳ್ಳು ಹೇಳುತ್ತಿದ್ದವನು. ಹೆಸರಿಡುವ ಮೊದಲೇ ಹೋದ ಮಗು. ಹೆಂಡತಿಗೆ ಹೊಡೆಯುತ್ತಿದ್ದವನು, ಕೊನೆಗಾಲದಲ್ಲಿ ಅವಳ ಕಾಲೊತ್ತಿದವನು. ಕೊನೆಗೆ ಒಂದೇ ಪ್ರಾರ್ಥನೆ, ಇವರನ್ನು ಮರೆಯಬೇಡ. ಅಜ್ಜಿ ಸುಳ್ಳನನ್ನೂ ಬಿಡಲಿಲ್ಲ, ಹೊಡೆದವನನ್ನೂ ಬಿಡಲಿಲ್ಲ. ಒಳ್ಳೆಯವರನ್ನು ಮಾತ್ರ ಆರಿಸಿಕೊಂಡರೆ ಪಟ್ಟಿ ಎರಡು ನಿಮಿಷಕ್ಕೆ ಮುಗಿದುಹೋಗುತ್ತದೆ ಎನ್ನುತ್ತಿದ್ದಳು.

ಅಜ್ಜ ಏಣಿ ಮಾಡುವವನು. ಎತ್ತರ ಕಂಡರೆ ಅವನ ಜೀವ ಬಾಯಿಗೆ ಬರುತ್ತಿತ್ತು. ಹೊಸ ಏಣಿಯ ಗಟ್ಟಿತನ ನೋಡಲು ಹೆಂಡತಿಯನ್ನೇ ಹತ್ತಿಸಿ, ತಾನು ಕೆಳಗೆ ಕಣ್ಣು ಮುಚ್ಚಿ ಹಿಡಿದುಕೊಳ್ಳುತ್ತಿದ್ದ. ಮೇಲಿರುವವನಿಗೆ ಅಷ್ಟೂ ನೆನಪಿರಲ್ಲ ಅಂತ ದಿನಾ ಜ್ಞಾಪಿಸ್ತೀಯಾ ಎಂದು ಅವನು ಅಜ್ಜಿಯನ್ನು ರೇಗಿಸುತ್ತಿದ್ದ. ಅದಕ್ಕೆ ಅಜ್ಜಿ ಒಂದು ದಿನವೂ ಸಿಟ್ಟಾಗದೆ ಕೊಡುತ್ತಿದ್ದ ಉತ್ತರ ಒಂದೇ: "ಅವನಿಗೆ ನೆನಪಿರುತ್ತೆ. ನಮಗಿರಲ್ಲ. ಅವನಿಗೆ ಹೇಳೋ ನೆಪದಲ್ಲಿ ನಾವು ನೆನಪಿಟ್ಕೊಳ್ಳೋದು."

ನಿಯಮ ಎರಡಿದ್ದವು. ಹಳಬರಿಂದಲೇ ಶುರು ಮಾಡಬೇಕು, ಏಕೆಂದರೆ ಅವರನ್ನು ಕಣ್ಣಾರೆ ಕಂಡವರು ಯಾರೂ ಉಳಿದಿಲ್ಲ, ಅವರಿಗೆ ಈ ಪಟ್ಟಿ ಬಿಟ್ಟರೆ ಗತಿಯಿಲ್ಲ. ಮತ್ತೆ, ನಡುವೆ ನಿಂತುಹೋದರೆ ಮಾರನೆಯ ದಿನ ಮೊದಲಿನಿಂದಲೇ ಹೇಳಬೇಕು. ತೇಪೆಯಕ್ಕನಿಗೆ ಕುತ್ತಾಗಿದ್ದು ಈ ಎರಡನೆಯದು. ಕುರ್ಚಿಯಲ್ಲಿ ಕೂತು ಬೆನ್ನು ಆನಿಸಿದರೆ ಸಾಕು, ರೆಪ್ಪೆ ಭಾರವಾಗುತ್ತದೆ. ಹದಿನಾಲ್ಕನೆಯವನು ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದ ಎಡಚ. ಅವನವರೆಗೆ ಹೇಗೋ ತಲುಪುತ್ತಾಳೆ. ಆಮೇಲೆ ಕಣ್ಣು ಬಿಟ್ಟರೆ ಹೊರಗೆ ಕತ್ತಲಾಗಿರುತ್ತದೆ, ಕುತ್ತಿಗೆ ಹಿಡಿದುಕೊಂಡಿರುತ್ತದೆ. ಮಾರನೆಯ ದಿನ ಮತ್ತೆ ನದಿ ದಾಟಿ ಬಂದವನು.

ಹೀಗೆ ಏಳು ತಿಂಗಳು. ಮುಖ ನೋಡದ ಹದಿನಾಲ್ಕು ಜನರಿಗೆ ದಿನಾ ತಪ್ಪದೆ ಪ್ರಾರ್ಥನೆ ಸಂದಿತು. ಎತ್ತಿ ಆಡಿಸಿದ ಅಜ್ಜ, ಜಡೆ ಹಾಕಿದ ಅಜ್ಜಿ, ಹೆತ್ತ ಅಮ್ಮ ಪಟ್ಟಿಯ ತುದಿಯಲ್ಲಿದ್ದರು. ಅವರಿಗೆ ಒಂದು ದಿನವೂ ಸಿಗಲಿಲ್ಲ. ಅವಳು ಇದನ್ನು ಯಾರಿಗೂ ಹೇಳಲಿಲ್ಲ. ಯಾರಿಗೆ ಹೇಳುವುದು, ಕೇಳಿದವರು ನಕ್ಕುಬಿಡುತ್ತಾರೆ. ಆದರೆ ಅವಳಿಗೆ ಅದು ಒಳಗೊಳಗೇ ಕೊರೆಯುತ್ತಿತ್ತು.

ಆಗಲೇ ದೊಡ್ಡಮ್ಮ ಆಸ್ಪತ್ರೆ ಸೇರಿದಳು. ಅಮ್ಮನ ಅಕ್ಕ, ಎಂಬತ್ತೊಂದು ವರ್ಷ, ಮದುವೆಯಾಗಿರಲಿಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ ಪ್ರಯಾಣಿಕರು ಸಾಮಾನು ಬಿಟ್ಟುಹೋಗುವ ಕೋಣೆಯಲ್ಲಿ ಟೋಕನ್ ಕೊಡುತ್ತಾ ಮೂವತ್ತು ವರ್ಷ ಕಳೆದು, ಆಮೇಲೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲೇ ಒಂದು ಕೋಣೆ ಮಾಡಿಕೊಂಡಿದ್ದಳು. ಎದೆಯಲ್ಲಿ ನೀರು ತುಂಬಿತ್ತು. ಡಾಕ್ಟರು ಹೆಚ್ಚು ಮಾತಾಡಲಿಲ್ಲ, ಅಷ್ಟರಲ್ಲೇ ತಿಳಿಯುವುದು ತಿಳಿಯಿತು. ತೇಪೆಯಕ್ಕ ಕೆಲಸ ಮುಗಿಸಿ ಸಂಜೆ ಐದಕ್ಕೆ ಮೂರನೆಯ ಮಹಡಿಗೆ ಹೋಗುವಳು. ಲಿಫ್ಟು ರೋಗಿಗಳಿಗೆ ಮಾತ್ರ, ಹಾಗಾಗಿ ಮೆಟ್ಟಿಲು.

ಮೂರನೆಯ ಸಂಜೆ ದೊಡ್ಡಮ್ಮ ಹಾಸಿದ್ದ ಶೀಟಿನ ತೇಪೆಯ ಮೇಲೆ ಬೆರಳಾಡಿಸುತ್ತಾ, ಇದು ನಿನ್ನ ಕೈದೇ ಇರಬೇಕು, ನಿಮ್ಮಜ್ಜಿ ಹಾಕಿದ ಹಾಗೇ ಇದೆ ಎಂದಳು. ಆಮೇಲೆ ಕೇಳಿದಳು:

"ನನ್ನನ್ನೂ ಸೇರಿಸ್ತೀಯಲ್ಲ? ಕೊನೇಲಿ?"

ತೇಪೆಯಕ್ಕ ಹೂಂ ಎಂದಳು.

"ಏನಂತ ಹೇಳ್ತೀಯಾ? ನಾನು ನದಿ ದಾಟಲಿಲ್ಲ, ಬಾವಿ ತೋಡಲಿಲ್ಲ. ಸುಳ್ಳು ಹೇಳೋಣ ಅಂದ್ರೆ ಅದನ್ನೂ ಆಗ್ಲೇ ಒಬ್ಬ ಹೇಳಿಬಿಟ್ಟಿದ್ದಾನೆ. ಬೇರೆಯವರ ಪೆಟ್ಟಿಗೆ ಕಾದವಳು ಅಂತಾನಾ? ಅದೂ ಒಂದು ಬಾಳಾ?"

ದೊಡ್ಡಮ್ಮ ನಗುತ್ತಲೇ ಕೇಳಿದಳು. ಆದರೆ ಕಣ್ಣು ಇವಳ ಮುಖದ ಮೇಲೇ ನೆಟ್ಟಿತ್ತು. ಅವಳಿಗೆ ಮಕ್ಕಳಿಲ್ಲ, ಹೇಳುವವರು ಬೇರೆ ಯಾರೂ ಇಲ್ಲ. ಈ ಪಟ್ಟಿಯಲ್ಲಿ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಇಲ್ಲ. ಮೂವತ್ತೊಂಬತ್ತನೆಯ ಜಾಗ ಕೊಡುತ್ತೇನೆಂದು ಒಪ್ಪಿಕೊಂಡಾಯಿತು, ಹದಿನೈದನ್ನು ಮುಟ್ಟಿ ಏಳು ತಿಂಗಳಾಗಿದೆ. ಸಾಯುವವಳಿಗೆ ಸುಳ್ಳು ಹೇಳುವುದು ಅವಳಿಂದಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟಳು. ಎಡಚನ ಆಚೆಗೆ ಹೋಗಲು ಆಗುತ್ತಿಲ್ಲ ದೊಡ್ಡಮ್ಮ, ಅಜ್ಜಿ ಅಷ್ಟು ನಂಬಿಕೊಂಡು ಕಲಿಸಿದ್ದಳು, ನಾನು ಕುರ್ಚಿಯಲ್ಲಿ ಕೂತು ಗೊರಕೆ ಹೊಡೆಯುತ್ತೇನೆ, ಎಂದು ಹೇಳುತ್ತಾ ಸೆರಗಿನಿಂದ ಮೂಗು ಒರೆಸಿಕೊಂಡಳು.

ದೊಡ್ಡಮ್ಮ ಬೈಯಲಿಲ್ಲ. ಉಸಿರು ಕೂಡಿಸಿಕೊಂಡು, ನೀನು ಚಿಕ್ಕವಳಿದ್ದಾಗ ಅಜ್ಜಿ ನಿನ್ನ ಕೈಲಿ ಅರ್ಧ ಪಟ್ಟಿ ಹೇಳಿಸುತ್ತಿದ್ದಳಲ್ಲ, ನೆನಪಿದೆಯಾ ಎಂದಳು. ನೆನಪಿಲ್ಲದೆ ಏನು. ಅಜ್ಜಿ ಶುರು ಮಾಡಿ, ನಡುವೆ ಎಲ್ಲೋ ನಿಲ್ಲಿಸಿ, ಈಗ ನೀನು ಹೇಳು ಎನ್ನುತ್ತಿದ್ದಳು. ಕಣ್ಣು ಮುಚ್ಚಿ ಕೇಳುತ್ತಿದ್ದಳು. ಒಂದೂ ತಪ್ಪಬಾರದೆಂದು ಇವಳು ಬೆವರುತ್ತಾ ಹೇಳುತ್ತಿದ್ದಳು. ಮುಗಿದ ಮೇಲೆ ಅಜ್ಜಿ ಕಣ್ಣು ಬಿಟ್ಟು, ಸರಿ, ಎನ್ನುತ್ತಿದ್ದಳು. ಆ ಒಂದು ಮಾತಿಗೆ ಇವಳು ರಾತ್ರಿಯೆಲ್ಲ ಬೀಗುತ್ತಿದ್ದಳು.

"ಪರೀಕ್ಷೆ ಅಂದ್ಕೊಂಡಿದ್ದೆಯಾ?" ದೊಡ್ಡಮ್ಮ ಕೇಳಿದಳು. "ಅವಳು ನಿದ್ದೆ ಮಾಡ್ತಿದ್ಲು. ಬೆಳಿಗ್ಗೆಯಿಂದ ಹಾಸಿಗೆ ಹೊಲಿದು ಬಂದವಳು, ಇನ್ನೇನು ಮಾಡ್ತಾಳೆ? ನೀನು ಮುಗಿಸಿದ ಮೇಲೆ ನಾನು ಹಿಂದಿನಿಂದ ಭುಜ ತಟ್ತಿದ್ದೆ. ಆಗ ಸರಿ ಅಂತಿದ್ಲು."

ತೇಪೆಯಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಐವತ್ತಾರು ವರ್ಷದ ಹೆಂಗಸು, ತನ್ನ ಬಾಲ್ಯದ ದೊಡ್ಡ ಬಿರುದು ಕೈಜಾರಿ ಹೋದಂತೆ ಕೂತಿದ್ದಳು. ಮರುಗಳಿಗೆಯಲ್ಲೇ ಅಜ್ಜಿಯ ಮೇಲೆ ಎಂದೂ ಬಾರದಷ್ಟು ಮಮತೆ ಬಂತು. ಊದಿದ ಪಾದ, ಸೂಜಿ ಚುಚ್ಚಿ ಕಲ್ಲಾದ ಬೆರಳು, ಬಾಯಲ್ಲಿ ಅರ್ಧಕ್ಕೆ ನಿಂತ ದೇವರ ಮಾತು. ಅಜ್ಜಿಯೂ ತನ್ನ ಹಾಗೇ ಸುಸ್ತಾಗಿದ್ದಳು. ಅದನ್ನು ಯಾರೂ ಹೇಳಿರಲಿಲ್ಲ.

ಅವತ್ತಿನಿಂದ ಇಬ್ಬರೂ ಕೂಡಿ ಹೇಳತೊಡಗಿದರು. ತೇಪೆಯಕ್ಕ ಸ್ಟೂಲಿನ ಮೇಲೆ ಕೂತು ನದಿಯಿಂದ ಶುರು ಮಾಡುವಳು. ಎಡಚನೋ, ಅವನ ತಮ್ಮನೋ ಬರುವಷ್ಟರಲ್ಲಿ ಅವಳ ತಲೆ ಮಂಚದ ಅಂಚಿಗೆ ಒರಗುತ್ತಿತ್ತು. ಅಲ್ಲಿಂದ ಮುಂದೆ ದೊಡ್ಡಮ್ಮ. ವಯಸ್ಸಿನಲ್ಲಿದ್ದಾಗ ಅವಳೆಂದೂ ಆ ಕುರ್ಚಿಯಲ್ಲಿ ಕೂತವಳಲ್ಲ. ಶಿಫ್ಟು ಕೆಲಸದವಳಿಗೆ ದೇವರು ರಜ ಕೊಟ್ಟಿದ್ದಾನೆ ಎಂದು ಜಾರಿಕೊಳ್ಳುತ್ತಿದ್ದವಳು. ಆದರೆ ಬಾಗಿಲಲ್ಲಿ ಷೂ ಬಿಚ್ಚುತ್ತಾ ಕೇಳಿ ಕೇಳಿ ಒಂದಕ್ಷರವೂ ತಪ್ಪದಂತೆ ಬಾಯಿಗೆ ಬಂದಿತ್ತು. ಉಸಿರಿಲ್ಲದ ದನಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಕೊನೆಯವರೆಗೆ ಹೇಳಿ, ತಂಗಿಯ ಮಗಳ ಭುಜ ತಟ್ಟುವಳು. ಭೇಟಿಯ ಸಮಯ ಮುಗಿಯಿತೆಂದು ಬಂದ ನರ್ಸಮ್ಮ ಇದನ್ನು ನೋಡಿ, ರೋಗಿ ಯಾರು ನೋಡಲು ಬಂದವರು ಯಾರು ಎಂದು ತಿಳಿಯುವುದಿಲ್ಲವಲ್ಲ ಎಂದು ನಕ್ಕಳು. ಹದಿನಾರು ದಿನ ಪಟ್ಟಿ ಪೂರ್ತಿಯಾಯಿತು.

ಹದಿನೇಳನೆಯ ಬೆಳಿಗ್ಗೆ ಮೇಲಿನಿಂದ ಬಟ್ಟೆ ಕೋಣೆಗೆ ಫೋನು ಬಂತು. ತೇಪೆಯಕ್ಕ ಸೀಳಿದ ಶೀಟನ್ನು ಮಷಿನ್ನಿನ ಮೇಲೇ ಬಿಟ್ಟು ಮೆಟ್ಟಿಲು ಹತ್ತಿದಳು. ಮಾಡಬೇಕಾದ್ದೆಲ್ಲ ಮಾಡಿ, ಕಳಿಸಿಕೊಟ್ಟು, ಎರಡು ದಿನ ರಜೆ ಹಾಕಿದಳು. ಮೂರನೆಯ ದಿನ ಕೆಲಸಕ್ಕೆ ಬಂದರೆ ಎರಡು ದಿನದ ಗಂಟುಗಳೂ ಅವಳಿಗಾಗಿಯೇ ಕಾಯುತ್ತಿದ್ದವು.

ಆ ಸಂಜೆ ಕುರ್ಚಿಯಲ್ಲಿ ಕೂತಳು, ಹನ್ನೆರಡನೆಯವರಿಗೆ ಬರುವಷ್ಟರಲ್ಲೇ ನಿದ್ದೆ ಹೋದಳು. ಮಾರನೆಯ ದಿನ ಮುಖಕ್ಕೆ ನೀರು ಚಿಮುಕಿಸಿಕೊಂಡು ಕೂತಳು, ಎಡಚನವರೆಗೆ ಬಂದಳು. ತಟ್ಟಲು ಯಾರೂ ಇರಲಿಲ್ಲ. ಎಚ್ಚರವಾದಾಗ ಮೊದಲು ಬಂದ ಯೋಚನೆ, ಮಾತು ಕೊಟ್ಟಿದ್ದೆ, ದೊಡ್ಡಮ್ಮ ಹೋಗಿ ಆಗಲೇ ನಾಲ್ಕು ದಿನವಾಯಿತು, ಅವಳಿನ್ನೂ ಹೊರಗೇ ನಿಂತಿದ್ದಾಳೆ ಎಂದು. ಅವಳ ಬಗ್ಗೆ ಹೇಳುವ ಒಂದು ಮಾತೂ ಇನ್ನೂ ಸಿಕ್ಕಿರಲಿಲ್ಲ.

ಅದರ ಮಾರನೆಯ ಸಂಜೆ ಬಸ್ಸು ತುಂಬಿ ತುಳುಕುತ್ತಿತ್ತು. ತೇಪೆಯಕ್ಕ ಮೇಲಿನ ಕಂಬಿ ಹಿಡಿದು, ಎರಡು ಚೀಲಗಳ ನಡುವೆ ಸಿಕ್ಕಿಕೊಂಡು ನಿಂತಳು. ಊದಿದ ಪಾದ ಸಿಡಿಯುತ್ತಿತ್ತು. ಅಷ್ಟು ನೋವಿನಲ್ಲಿ ನಿದ್ದೆ ಹತ್ತಿರ ಸುಳಿಯುವುದಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಅಲ್ಲೇ, ತುಟಿಯಲ್ಲೇ, ನದಿ ದಾಟಿ ಬಂದವನಿಂದ ಶುರು ಮಾಡಿದಳು. ಬಾವಿ ತೋಡಿದವನು ದಾಟಿದ, ಸುಳ್ಳ ದಾಟಿದ. ಎಡಚ ಬಂದ, ಎಡಚನೂ ಹೋದ. ಬಸ್ಸು ಒಂದು ತಿರುವಿನಲ್ಲಿ ಎಲ್ಲರನ್ನೂ ಒಂದೇ ಕಡೆಗೆ ವಾಲಿಸಿತು. ಅವಳು ಕಂಬಿ ಬಿಡಲಿಲ್ಲ.

ಇಪ್ಪತ್ತೆಂಟು ಮುಗಿದಾಗ, ಮುಂದೆ ಕೂತಿದ್ದ ಹುಡುಗಿ ಅವಳ ಮುಖ ನೋಡಿ ಎದ್ದು ನಿಂತಳು. ಕೂತ್ಕೊಳ್ಳಿ ಅಮ್ಮ, ತುಂಬಾ ಸುಸ್ತಾಗಿದ್ದೀರಾ, ಎಂದಳು. ತೇಪೆಯಕ್ಕ ಆ ಸೀಟನ್ನು ಆಸೆಯಿಂದ ನೋಡಿದಳು. ಇಡೀ ಮೈ ಅದರ ಕಡೆಗೆ ಬಾಗಿತು.

"ಬೇಡಮ್ಮ," ಎಂದಳು. "ಇನ್ನೂ ಹನ್ನೊಂದು ಜನ ಇದ್ದಾರೆ."

ಹುಡುಗಿ ಹಿಂದೆ ತಿರುಗಿ ಯಾರೆಂದು ನೋಡಿ, ಏನೂ ತಿಳಿಯದೆ, ಸೀಟಿನ ಮೇಲೆ ತನ್ನ ಚೀಲವಿಟ್ಟು ಹಾಗೇ ನಿಂತಳು. ತೇಪೆಯಕ್ಕ ಕಣ್ಣು ತೆರೆದುಕೊಂಡೇ ಮುಂದುವರಿಸಿದಳು. ಏಣಿ ಮಾಡಿ ತಾನು ಹತ್ತದವನು. ಎಲ್ಲರನ್ನೂ ನೆನಪಿಟ್ಟುಕೊಂಡವಳು. ಹಾಡಿಕೊಂಡೇ ಪಾತ್ರೆ ತೊಳೆದವಳು, ಅದು ಅಮ್ಮ. ಆಮೇಲೆ ಪಟ್ಟಿ ಮುಗಿದು, ಖಾಲಿ ಜಾಗ ಬಂತು. ಅವಳು ತಡವರಿಸಲಿಲ್ಲ. ಪಕ್ಕದವರಿಗೂ ಕೇಳುವಂತೆ ದನಿ ಹೊರಗೆ ಬಂತು.

"ನಾನು ನಿದ್ದೆ ಹೋದಾಗ ಉಳಿದವರನ್ನು ಹೇಳಿದವಳು. ಇವರನ್ನು ಮರೀಬೇಡ."

ಅವಳು ಇಳಿಯಬೇಕಾದ ಸ್ಟಾಪು ಆಗಲೇ ಹಿಂದಾಗಿತ್ತು. ಅದು ಗೊತ್ತಿದ್ದೂ ಹುಡುಗಿಯ ಚೀಲ ಎತ್ತಿ ಅವಳ ಕೈಗೆ ಕೊಟ್ಟು, ತೇಪೆಯಕ್ಕ ಆ ಸೀಟಿನಲ್ಲಿ ಕೂತುಬಿಟ್ಟಳು.