ಅಮಾವಾಸ್ಯೆಯ ದಿನ ತೆರೆದ ಗೋದಾಮು

ಅಮಾವಾಸ್ಯೆಯ ಹೋಳಿಗೆಗೆ ಕಡಲೆಬೇಳೆ ಬೇಯಲಿಟ್ಟು ಕಣಕ ನಾದುತ್ತಿದ್ದೆ. ಮನೆಯವರ ಫೋನು ಬಂತು. ಅವರು ಗೋಕಾಕ ಕಡೆಯ ಒಂದು ಸರಕಾರಿ ಆಸ್ಪತ್ರೆಯಲ್ಲಿ ಔಷಧಿ ತರಿಸುವುದು, ಇಡುವುದು ನೋಡಿಕೊಳ್ಳುತ್ತಾರೆ. ನಮ್ಮ ಮನೆ ಆಸ್ಪತ್ರೆಯ ಹಿಂದೆಯೇ.

"ತುಕ್ಕಾನಟ್ಟಿ ಹೆಣ್ಣಮಗಳಿಗೆ ಕಬ್ಬಿನಾಗ ಹಾವು ಕಡದೈತಿ. ಇದ್ದ ಇಂಜೆಕ್ಷನ್ ಎಲ್ಲಾ ಕೊಟ್ಟೀವಿ, ಸಾಲವಲ್ದು, ರಕ್ತ ನಿಲ್ಲವಲ್ದು. ಬೆಳಗಾವಿಗೆ ಒಯ್ಯೂಣಂದ್ರ ದಾರ್ಯಾಗ ತಡಿಯೂದಿಲ್ಲ ಅಂತಾರ ಡಾಕ್ಟ್ರು. ಸಂಕೇಶ್ವರಕ್ಕ ಫೋನ್ ಮಾಡೀನಿ. ನೀ ದೇವರ ಮುಂದ ಕುಂದ್ರು."

ಒಲೆ ಆರಿಸಿ, ಲಿಂಗಪೂಜೆಗೆ ಕುಳಿತೆ. ಆದರೆ ಮನಸ್ಸು ನಿಲ್ಲಲಿಲ್ಲ. ಸಂಕೇಶ್ವರದ ಆ ಸಾವಕಾರರು ಆಸ್ಪತ್ರೆಗೆ ಔಷಧಿ ಪೂರೈಸುವವರು. ಅಮಾವಾಸ್ಯೆಯ ದಿನ ಗೋದಾಮಿನಿಂದ ಒಂದು ಡಬ್ಬಿಯನ್ನೂ ಹೊರಗೆ ಕೊಡುವುದಿಲ್ಲ, ಅದು ಅವರ ತಂದೆಯ ಕಾಲದ ಪದ್ಧತಿ. ಅದರ ಮೇಲೆ ನಾವು ಅವರ ಪೇಡೆ ಹಿಂದಿರುಗಿಸಿದವರು.

ಕಳೆದ ದೀಪಾವಳಿಗೆ ಅವರ ವ್ಯಾನಿನಲ್ಲಿ ಪೇಡೆಯ ಡಬ್ಬಿ ಬಂದಿತ್ತು. ಮನೆಯವರು ಇರಲಿಲ್ಲ. ನಾನು ತೆಗೆದುಕೊಂಡು ಒಂದು ಪೇಡೆ ದೇವರ ಮುಂದೆ ವಿಭೂತಿಯ ಪಕ್ಕದಲ್ಲೂ ಇಟ್ಟುಬಿಟ್ಟಿದ್ದೆ. ಅವರು ಬಂದು ನೋಡಿ, ಬೈಯಲಿಲ್ಲ. "ಔಷಧಿ ಕೊಡವರ ಸಿಹಿ ನಮಗ ಬ್ಯಾಡ" ಎಂದು ಆ ಒಂದನ್ನೂ ಸೇರಿಸಿ ಕಟ್ಟಿಸಿ ಕಳಿಸಿದರು. ನನಗೆ ನಾಚಿಕೆಯೂ ಸಿಟ್ಟೂ ಬಂದಿದ್ದವು. ಅದೇ ಸಾವಕಾರರಿಗೆ ಮನೆಯವರು ಪ್ರತಿ ತಿಂಗಳು ಫೋನ್ ಮಾಡಿ, ಮುಂದೆ ಏನು ಬೇಕಾದೀತು, ಯಾವುದು ಸದ್ಯ ಬೇಡ ಎಂದು ತಾಸುಗಟ್ಟಲೆ ಹೇಳುತ್ತಿದ್ದರು. ಮಾಲು ಬಂದರೆ ಅಲ್ಲೇ ನಿಂತು ಎಣಿಸಿ ಸಹಿ ಹಾಕುತ್ತಿದ್ದರು. "ಅದರಾಗ ಅರ್ಧ ಮಾತು ನನ್ನ ಜೋಡಿ ಆಡ್ರಿ" ಎಂದು ನಾನು ಚುಚ್ಚುತ್ತಿದ್ದೆ.

ಪೂಜೆ ಮುಗಿಸಿ ಬಾಗಿಲಲ್ಲಿ ನಿಂತೆ. ತಾಸು ಕಳೆದು ಸ್ವಲ್ಪ ಹೊತ್ತಿಗೆ ಹುಕ್ಕೇರಿ ದಾರಿಯಿಂದ ಧೂಳು ಹಿಡಿದ ಕಾರು ಬಂತು. ಐಸಿನ ಡಬ್ಬಿ ಎದೆಗವಚಿಕೊಂಡು ಇಳಿದವರು ಸ್ವತಃ ಸಾವಕಾರರು! ಆಸ್ಪತ್ರೆಯೊಳಗೆ ಓಡಿ ಕೊಟ್ಟುಬಂದು ನಮ್ಮ ಕಟ್ಟೆಯ ಮೇಲೆ ಕುಳಿತರು. ನೀರು ಕೊಟ್ಟೆ.

"ಅಮಾಸಿ ದಿನ ಗೋದಾಮ ತಗದ್ರಿ?"

"ತಗಿಯೂದಿಲ್ರಿ ಅಕ್ಕಾರ. ಉಳದವರು ಜ್ವರದ ಗುಳಿಗಿಗೂ ಅರ್ಜೆಂಟ್ ಅಂತಾರ. ನಿಮ್ಮ ಯಜಮಾನ್ರು ಇಷ್ಟು ವರ್ಷದಾಗ ಇವತ್ತ ಮೊದಲು ಅರ್ಜೆಂಟ್ ಅಂದ್ರು. ಕೀಲಿ ತಗೊಂಡು ಓಡಿದೆ." ಒಂದು ಗುಟುಕು ಕುಡಿದು ನಕ್ಕರು. "ಪೇಡೆ ತಂದಿಲ್ಲ, ಹೆದರಬ್ಯಾಡ್ರಿ. ಹಿಂದಕ ಕಳಿಸಿದ್ರಲ್ಲ, ಅದರಾಗ ಒಂದಕ್ಕ ಈಬತ್ತಿ ಹತ್ತಿತ್ತು. ಪ್ರಸಾದ ಅಂತ ನಾನ ತಿಂದೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದು ಸಲವೂ ಸುಳ್ಳು ಅವಸರ ಹೇಳದ ನಾಲಿಗೆಗೆ ಇಷ್ಟು ಶಕ್ತಿಯೇ, ಬಸವಣ್ಣಾ! ಆ ತಾಸುಗಟ್ಟಲೆ ಮಾತು ಯಾರ ಜೀವಕ್ಕಾಗಿ ಕೂಡಿಬೀಳುತ್ತಿತ್ತೋ, ನನಗೆ ಗೊತ್ತೇ ಇರಲಿಲ್ಲ. ಫೋನು ಹತ್ತಿತು, ಮಾಲು ಇತ್ತು, ದಾರಿ ಖಾಲಿ ಇತ್ತು. ಒಂದೊಂದಕ್ಕೂ ಕೈ ಮುಗಿದೆ.

ಸಂಜೆ ಮನೆಯವರು ಬಾಗಿಲಲ್ಲೇ ಹೇಳಿದರು: "ರಕ್ತ ನಿಂತೈತಿ. ಕಣ್ಣು ಬಿಟ್ಟು ಚಾ ಕೇಳಿದ್ಲಂತ."

ಸಾವಕಾರರು ಅಷ್ಟೊತ್ತಿಗೆ ಹೋಗಿದ್ದರು. ಬೇಳೆ ತಣ್ಣಗಾಗಿತ್ತು. ಬೆಲ್ಲ ಹಾಕಿ ಮತ್ತೆ ಒಲೆಗಿಟ್ಟು ಹೂರಣ ತಿರುವತೊಡಗಿದೆ.