ಕವಲಂದೆಯ ಹಿತ್ತಲಿಗೆ ಹತ್ತು ಕೊಡ ನೀರು

ಕಪಿಲೆಯ ಕಾಲುವೆಗಳ ಮೇಲೆ ದುಡಿದ ಅಧಿಕಾರಿಗಳು ಹಲವರಿದ್ದಾರೆ. ಆದರೆ ಮೊದಲ ಗದ್ದೆಗೆ ಸಲ್ಲುವಷ್ಟೇ ನ್ಯಾಯವಾಗಿ ಕೊನೆಯ ಗದ್ದೆಗೂ ನೀರು ಸಲ್ಲಬೇಕೆಂಬ ಒಂದೇ ಹಟದಿಂದ ಇಪ್ಪತ್ತೊಂಬತ್ತು ವರ್ಷ ಹುಲ್ಲಹಳ್ಳಿ ಕಾಲುವೆಯ ಏರಿಯನ್ನು ನಡೆದು ಸವೆಸಿದ ಓವರ್‌ಸಿಯರ್ ಶ್ರೀಮಾನ್ ಚಿಕ್ಕಬಸಪ್ಪನವರಂಥವರು ವಿರಳ. 1885ರಲ್ಲಿ ಸೇವೆಗೆ ಸೇರಿ ಈ ವರ್ಷ ವಿಶ್ರಾಂತರಾಗುತ್ತಿರುವ ಅವರನ್ನು ಕುರಿತು ನಾಲ್ಕು ಮಾತು ಬರೆಯುವ ಭಾಗ್ಯ ಅವರ ಕಚೇರಿಯ ಗುಮಾಸ್ತನಾದ ನನಗೆ ದೊರೆತಿದೆ.

1901ರಲ್ಲಿ ನಾನು ಹುಲ್ಲಹಳ್ಳಿಗೆ ಬಂದ ಹೊಸತರಲ್ಲಿ ಚಳಿಜ್ವರ ಹಿಡಿದು ಮಲಗಿದೆ. ಪರಿಚಯದವರಾರೂ ಇಲ್ಲದ ಊರು. ಒಂಬತ್ತು ದಿನವೂ ಬೆಳಿಗ್ಗೆ ಗಂಜಿಯ ಪಾತ್ರೆ ಹಿಡಿದು ಬಾಗಿಲಿಗೆ ಬಂದವರು ನನ್ನ ಮೇಲಧಿಕಾರಿಗಳೇ. ನಾನು ಸಂಕೋಚಪಟ್ಟಾಗ, "ಮೊದಲು ಕುಡಿಯಪ್ಪ ಮಹದೇವ, ನಾಚಿಕೆ ಆಮೇಲೆ ಪಡುವೆಯಂತೆ" ಎಂದು ಗದರಿದ್ದರು. ಆದರೆ ಅವರ ದೊಡ್ಡತನ ನನಗೆ ಪೂರ್ತಿಯಾಗಿ ತಿಳಿದದ್ದು 1907ರ ಬೇಸಗೆಯಲ್ಲಿ, ಕಾಲುವೆಯೇ ಇಲ್ಲದ ಕವಲಂದೆಯಲ್ಲಿ.

ಅಲ್ಲಿನ ಒಂದು ಬೀದಿಯಲ್ಲಿ ಏಳು ಮನೆಗೆ ಒಂದು ಬಾವಿ. ಆ ಏಳರಲ್ಲೊಂದು ಗುರುಸಿದ್ದಮ್ಮನವರ ಮನೆ. ಗಂಡ ತೀರಿಕೊಂಡ ಮೇಲೆ ಆಕೆ ಹಿತ್ತಲಿನಲ್ಲಿ ಸೊಪ್ಪು, ಬದನೆ, ಅವರೆ, ವೀಳ್ಯದೆಲೆ ಬೆಳೆದು ಸಂತೆಗೆ ಹೊತ್ತು ಮಾರಿ ಯಾರ ಹಂಗೂ ಇಲ್ಲದೆ ಬಾಳುತ್ತಿದ್ದರು. ಆ ವರ್ಷ ಶಿವರಾತ್ರಿ ಕಳೆಯುತ್ತಲೇ ಬಾವಿಯ ತಳ ಕಂಡಿತು. ಹಿತ್ತಲಿಗೆ ದಿನಕ್ಕೆ ನಲವತ್ತು ಕೊಡ ಸೇದುತ್ತಿದ್ದ ಆಕೆಯ ಮೇಲೆ ನೆರೆಯವರು ಸಿಟ್ಟಾದರು. ಅವರ ಪೈಕಿ ಹಿರಿಯರಾದ ಮಲ್ಲಯ್ಯನವರು ಪರಿಚಯದ ಸಲಿಗೆಯಿಂದ ಚಿಕ್ಕಬಸಪ್ಪನವರನ್ನು ಕರೆಸಿದರು. ಜೊತೆಗೆ ನಾನೂ ಹೋದೆ.

"ಸಾ, ಜನ ಕುಡಿಯಾಕೆ ನೀರಿಲ್ಲ, ಈಯಮ್ಮ ಬದನೆ ಗಿಡುಕ್ಕೆ ಉಯ್ತಾವ್ಳೆ. ನೀವೇ ಒಂದು ನ್ಯಾಯ ಏಳಿ" ಎಂದರು ಮಲ್ಲಯ್ಯನವರು.

ಗುರುಸಿದ್ದಮ್ಮನವರು ತಲೆ ತಗ್ಗಿಸಲಿಲ್ಲ. "ಇತ್ಲು ಒಣಗಿದ್ರೆ ಮೂಗೂರಿಗೆ ಅಣ್ಣನ ಮನೆಗೆ ಓಗ್ಬೇಕು ಸಾ. ತಂಗಿ ಅಂತ ಕರ್ಕಂಡು ಓಯ್ತಾರೆ, ಆಳು ಅಂತ ಇಟ್ಕತ್ತಾರೆ. ನಾನು ಓಗಾಕಿಲ್ಲ."

ಚಿಕ್ಕಬಸಪ್ಪನವರು ಎರಡು ದಿನ ಬಾವಿಯ ಕಟ್ಟೆಯ ಬಳಿ ಕುಳಿತು, ಊಟೆಯ ಸೆಲೆಯಿಂದ ನೀರು ಎಷ್ಟು ಏರುತ್ತದೆ, ಮನೆಗಳಿಗೆ ಎಷ್ಟು ಬೇಕು ಎಂಬುದನ್ನು ಅಳೆದರು. ಕುಡಿಯುವವರಿಗೆ ಕೊರತೆಯಾಗದಂತೆ ಹಿತ್ತಲಿಗೆ ಸಿಗಬಹುದಾದದ್ದು ಹತ್ತೇ ಕೊಡ. ಅಷ್ಟರಲ್ಲೇ ತೋಟ ಉಳಿಸಿ ತೋರಿಸುವುದಾಗಿ ಹೇಳಿ ಬಾವಿಯಿಂದ ಮಡಿಗಳವರೆಗೆ ಹಂಚು ಜೋಡಿಸಿ ಪುಟ್ಟ ಕಾಲುವೆಯೊಂದನ್ನು ಮಾಡಿಸಿದರು. ಆ ಕೆಲಸದಲ್ಲಿ ಅವರನ್ನು ಮೀರಿಸುವವರು ತಾಲ್ಲೂಕಿನಲ್ಲಿರಲಿಲ್ಲ. ಆದರೂ ಅದು ಕೆಟ್ಟಿತು. ಹಂಚಿನ ಸಂದಿನಲ್ಲಿ ಸೋರಿದ್ದು ಸೋರಿ, ಬಿಸಿಲಿಗೆ ಆರಿದ್ದು ಆರಿ, ಕೊನೆಯ ಮಡಿಗೆ ತೇವವೂ ಮುಟ್ಟಲಿಲ್ಲ. ಐದನೆಯ ದಿನ ಬದನೆ ಗಿಡಗಳು ಜೋತುಬಿದ್ದವು. "ಕಾಲ್ವೆ ಸಾಯೇಬ್ರ ಕಾಲ್ವೇಲೇ ನೀರು ಕಾಣೆ!" ಎಂದು ಯಾರೋ ನಕ್ಕರು. ಚಿಕ್ಕಬಸಪ್ಪನವರ ಮುಖ ಕೆಂಪಾಯಿತು. ಅವರು ಸಿಟ್ಟಿನಿಂದ ಎದ್ದು ಹೊರಟುಬಿಡುವರೆಂದೇ ನಾನು ಭಾವಿಸಿದ್ದೆ.

ಆಗ ಗುರುಸಿದ್ದಮ್ಮನವರು ಜಗಲಿಯ ಮೂಲೆಯಲ್ಲಿ ಮರಳಿನ ಮೇಲೆ ಕೂರಿಸಿದ್ದ ಕುಡಿಯುವ ನೀರಿನ ಗುಡಾಣವನ್ನು ತೋರಿಸಿದರು. "ಇಲ್ನೋಡಿ ಸಾ, ಇದ್ರ ಬುಡುದಲ್ಲಿ ದಂಟು ಉಟ್ಕಂಡದೆ. ಯಾರೂ ಒಂದು ತೊಟ್ಟು ನೀರು ಉಯ್ದಿಲ್ಲ."

ಚಿಕ್ಕಬಸಪ್ಪನವರು ಕುಕ್ಕುರುಗಾಲಿನಲ್ಲಿ ಕುಳಿತು ಆ ಮರಳನ್ನು ಬೆರಳಿನಿಂದ ಕೆದಕಿ ನೋಡಿದರು. ಗುಡಾಣ ಬೆವರಿದ ನೀರಿಗೆ ಒಳಗೆಲ್ಲ ತೇವವಾಗಿತ್ತು. ಆಮೇಲೆ ಎಲ್ಲರೂ ಕೇಳುವಂತೆ, "ನನ್ನ ಲೆಕ್ಕ ತಪ್ಪಾಯ್ತು ತಾಯಿ. ಇನ್ನು ನೀವು ಹೇಳಿ, ನಾನು ಕಲೀತೀನಿ" ಎಂದರು. ಸರ್ಕಾರದ ಅಧಿಕಾರಿಯೊಬ್ಬರು ಹಳ್ಳಿಯ ಹೆಣ್ಣುಮಗಳಿಗೆ ಹೀಗೆ ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅಂದೇ ಕುಂಬಾರ ಕೆಂಪಯ್ಯನವರಲ್ಲಿಗೆ ಹೋದೆವು. "ಸೋರೋ ಗಡಿಗೆ ಬೇಕು ಅಂತ ಕೇಳ್ಕಂಡು ಬಂದೋರು ನೀವೇ ಮೊದ್ಲು ಸಾ" ಎಂದು ಅವರು ನಕ್ಕರೂ, ಜೇಡಿಗೆ ಭತ್ತದ ಹೊಟ್ಟು ಬೆರೆಸಿ ಸುಟ್ಟರೆ ಗಡಿಗೆ ಚೆನ್ನಾಗಿ ಬೆವರುತ್ತದೆಂಬ ಉಪಾಯ ಅವರದೇ. ಹೊಟ್ಟು ಹೆಚ್ಚಾದದ್ದು ಒಂದೇ ರಾತ್ರಿಗೆ ಬರಿದಾಯಿತು. ಕಡಿಮೆಯಾದದ್ದು ನಾಲ್ಕು ದಿನವಾದರೂ ತುಂಬಿಯೇ ಇತ್ತು. ಅಷ್ಟು ದಿನವೂ ಗುರುಸಿದ್ದಮ್ಮನವರು ಆ ಹತ್ತು ಕೊಡವನ್ನೇ ಬುಡಬುಡಕ್ಕೆ ಕೈಯಿಂದ ಹನಿಸಿ ಗಿಡಗಳ ಜೀವ ಹಿಡಿದರು. ಎರಡು ದಿನಕ್ಕೆ ಬರಿದಾಗುವ ಹದ ಸಿಕ್ಕಮೇಲೆ, ಕೊಡದಷ್ಟೇ ನೀರು ಹಿಡಿಯುವ ಹದಿನೆಂಟು ಗಡಿಗೆಗಳನ್ನು ಕುತ್ತಿಗೆಯವರೆಗೆ ಹೂತು, ಬಾಯಿಗೆ ಮುಚ್ಚಳವಿಟ್ಟು, ಒಂದೊಂದರ ಸುತ್ತ ನಾಲ್ಕು ನಾಲ್ಕು ಗಿಡ ಬರುವಂತೆ ಮಾಡಿದೆವು. ದಿನಕ್ಕೆ ಒಂಬತ್ತು ಗಡಿಗೆಗೆ ಒಂಬತ್ತು ಕೊಡ, ಸೊಪ್ಪಿನ ಮಡಿಗೆ ಒಂದು. ಬಚ್ಚಲ ನೀರು ಬಾಳೆಗೆ. ನೆಲದ ಮೇಲೆಲ್ಲ ಹುಲ್ಲಹಳ್ಳಿಯಿಂದ ಗಾಡಿಯಲ್ಲಿ ತಂದ ಕಬ್ಬಿನ ಸೋಗೆಯ ಹೊದಿಕೆ.

ವೀಳ್ಯದೆಲೆಗೆ ಮಾತ್ರ ನೀರು ಸಾಲದು. ಅದು ಆಕೆಯ ಗಂಡ ನೆಟ್ಟ ಬಳ್ಳಿ. ಇದನ್ನು ಹೇಳಲು ಚಿಕ್ಕಬಸಪ್ಪನವರು ತಡವರಿಸುತ್ತಿದ್ದಾಗ ಗುರುಸಿದ್ದಮ್ಮನವರೇ ಹೋಗಿ ಬಳ್ಳಿಯನ್ನು ಬುಡಸಹಿತ ಕಿತ್ತರು. ಎಲೆಗಳನ್ನು ಒಂದೊಂದಾಗಿ ಬಿಡಿಸಿ, ಕಣ್ಣೊರೆಸಿಕೊಂಡು, ಏಳು ಮನೆಗೂ ಹಂಚಿಬಂದರು.

ಮಳೆ ಬಿದ್ದದ್ದು ಮೃಗಶಿರದ ಕೊನೆಗೆ. ಅಲ್ಲಿಯವರೆಗೂ ಆಕೆ ಹನ್ನೊಂದನೆಯ ಕೊಡ ಸೇದಲಿಲ್ಲ. ಬದನೆ ಕಾಯಿ ಬಿಡುವುದನ್ನು ನಿಲ್ಲಿಸಲಿಲ್ಲ. ಮೂಗೂರಿನ ಅಣ್ಣ ಕಳಿಸಿದ ಗಾಡಿ ಬರಿದಾಗಿ ಹಿಂದಿರುಗಿತು. ಮರುವರ್ಷ ಆ ಬೀದಿಯಲ್ಲಿ ಐದು ಮನೆಯವರು ಗಡಿಗೆ ಹೂಳಿಸಿದರು. ಕೆಂಪಯ್ಯನವರ ಬಳಿಗೆ ಮೊದಲು ಹೋದವರು ಮಲ್ಲಯ್ಯನವರೇ!

ಈ ಸುದ್ದಿ ತಿಳಿದು ಮೇಲಿನ ಅಧಿಕಾರಿಯೊಬ್ಬರು ವರದಿ ಕೇಳಿದರು. 'ಓವರ್‌ಸಿಯರ್ ಚಿಕ್ಕಬಸಪ್ಪನವರ ಪದ್ಧತಿ' ಎಂದು ನಾನು ಬರೆದಿದ್ದ ತಲೆಬರಹವನ್ನು ಚಿಕ್ಕಬಸಪ್ಪನವರೇ ಹೊಡೆದುಹಾಕಿ, ಗುರುಸಿದ್ದಮ್ಮ ಮತ್ತು ಕೆಂಪಯ್ಯ ಎಂಬ ಎರಡು ಹೆಸರು ಬರೆದರು. ತಮ್ಮ ಹಂಚಿನ ಕಾಲುವೆ ಕೆಟ್ಟ ಸಂಗತಿಯನ್ನು ಎರಡನೆಯ ಪ್ಯಾರಾದಲ್ಲಿ ವಿವರವಾಗಿ ಸೇರಿಸಿದರು. ಅದನ್ನಾದರೂ ಬಿಡಬಹುದೆಂದು ನಾನು ಬೇಡಿಕೊಂಡೆ. "ಅದನ್ನ ಬಿಟ್ಟರೆ ಇನ್ನೊಬ್ಬ ಓವರ್‌ಸಿಯರು ಹಂಚು ಕೊಳ್ಳೋಕೆ ಹೊರಡ್ತಾನಪ್ಪ" ಎಂದರು.

ಈಗ ಅವರು ತಿರುಮಕೂಡಲು ನರಸೀಪುರದಲ್ಲಿ ಮನೆ ಮಾಡಿದ್ದಾರೆ. ಹಿತ್ತಲ ಬಾಗಿಲು ತೆರೆದರೆ ಹೊಳೆ. ಕಳೆದ ವಾರ ನಾನು ಹೋದಾಗ, ಅರವತ್ತರ ಹತ್ತಿರದ ಆ ಹಿರಿಯರು ಮೊಣಕಾಲವರೆಗೆ ಮಣ್ಣಾಗಿ ಗಡಿಗೆ ಹೂಳುತ್ತಿದ್ದರು. ಎರಡು ನದಿ ಕೂಡುವ ಊರಲ್ಲಿ ನೀರಿಗೇಕೆ ಇಷ್ಟು ಲೆಕ್ಕವೆಂದು ಕೇಳಿದೆ. ಪತ್ನಿ ದೇವೀರಮ್ಮನವರು ಕೊಡ ಹೊತ್ತು ಮೆಟ್ಟಿಲೇರಿ ಬರುತ್ತಿದ್ದುದನ್ನು ನೋಡುತ್ತ ಅವರೆಂದರು: "ಹೊಳೆ ಹತ್ತಿರ ಇದೆ ಅಂತ ಹೊತ್ತು ತರೋರ ಸೊಂಟ ನೋಯದೆ ಇರುತ್ತೇನಯ್ಯ?"

ಹಾಗೆ ಕೇಳಿ ಅವರು ಎದ್ದುಹೋಗಿ ಕೊಡವನ್ನು ತಾವು ಇಳಿಸಿಕೊಂಡರು. ಇಂಥ ಕೈಗಳಿಗೆ ನಂಜುಂಡೇಶ್ವರನು ಇನ್ನೂ ಹಲವು ವರ್ಷಗಳ ಬಲವನ್ನೂ, ಅವುಗಳಿಗಾಗಿ ಕಾದಿರುವ ನೂರಾರು ಹಿತ್ತಲುಗಳನ್ನೂ ಕರುಣಿಸಲಿ.